ಶರಾವತಿಯ ನೀರು ವಿದ್ಯುತ್ತಾಗುವ ಬಗೆ



ಲಿಂಗನಮಕ್ಕಿ ನಮ್ಮ ತಾಲ್ಲೂಕಿನಲ್ಲೇ ಇರುವಾಗ ಆನಂದಪುರದಲ್ಲಿ ವಿದ್ಯುತ್ ಕಡಿತವೇಕೆ ಎಂಬ ಪ್ರಶ್ನೆ ಗ್ರಾಮಸಭೆಯಲ್ಲಿ ಸಹಜ. ಉತ್ತರಕ್ಕೆ ನೀರಿನ ದಾರಿಯನ್ನು ಅರಿಯಬೇಕು.

1964ರಲ್ಲಿ ಪೂರ್ಣಗೊಂಡ ಈ ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ಅಣೆಕಟ್ಟೆಯ ಬುಡದಲ್ಲಿನ 55 ಮೆಗಾವ್ಯಾಟ್ ವಿದ್ಯುದಾಗಾರವನ್ನು ನಡೆಸಿದ ನೀರು ಕಾಲುವೆಯ ಮೂಲಕ ತಲಕಳಲೆ ಸಮತೋಲನ ಜಲಾಶಯವನ್ನು ಸೇರುತ್ತದೆ. ಅಲ್ಲಿಂದ ಉಕ್ಕಿನ ಕೊಳವೆಗಳಲ್ಲಿ 400 ಮೀಟರಿಗೂ ಹೆಚ್ಚು ಕೆಳಕ್ಕಿಳಿದು ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ; ಚಕ್ರದೊಡನೆ ತಿರುಗುವ ಜನರೇಟರ್‌ನಲ್ಲಿ ವಿದ್ಯುತ್ತು ಉತ್ಪತ್ತಿಯಾಗುತ್ತದೆ. ಶರಾವತಿ ವಿದ್ಯುದಾಗಾರದ 10 ಘಟಕಗಳ ಸಾಮರ್ಥ್ಯ 1035 ಮೆಗಾವ್ಯಾಟ್. ಅದೇ ನೀರು ಗೇರುಸೊಪ್ಪದಲ್ಲಿ ಮತ್ತೆ 240 ಮೆಗಾವ್ಯಾಟ್ ಘಟಕಗಳನ್ನು ನಡೆಸುತ್ತದೆ.

ಈ ವಿದ್ಯುತ್ತು 220 ಕಿಲೋವೋಲ್ಟ್‌ಗೆ ಏರಿ ರಾಜ್ಯದ ಜಾಲವನ್ನು ಸೇರುವುದೇ ಹೊರತು ನೇರವಾಗಿ ನಮ್ಮೂರಿಗೆ ಬರುವುದಿಲ್ಲ. ಉಪಕೇಂದ್ರಗಳಲ್ಲಿ ಹಂತಹಂತವಾಗಿ ಇಳಿದು, 11 ಕಿಲೋವೋಲ್ಟ್ ಮಾರ್ಗಗಳ ಮೂಲಕ ಊರನ್ನು ತಲುಪುತ್ತದೆ. ಜಲಾಶಯ ತುಂಬುತ್ತಿರುವ ಮಳೆಗಾಲದಲ್ಲಿಯೂ ಕತ್ತಲಾಗುವುದು ಬಹುಮಟ್ಟಿಗೆ ಈ ಮಾರ್ಗಗಳ ಮೇಲೆ ಮರದ ಕೊಂಬೆಗಳು ಬೀಳುವುದರಿಂದ.

ಆದ್ದರಿಂದ ತಂತಿಗೆ ತಾಗುವ ಮರಗಳನ್ನು ವಾರ್ಡುವಾರು ಗುರುತಿಸಿ, ಮುಂಗಾರಿಗೆ ಮುನ್ನವೇ ಮೆಸ್ಕಾಂಗೆ ಪಟ್ಟಿ ಸಲ್ಲಿಸಲು ಸಹಕರಿಸಬೇಕೆಂದು ಕೋರಲಾಗಿದೆ. ಹಗಲಿನಲ್ಲಿ ಉರಿಯುವ ಬೀದಿದೀಪಗಳನ್ನೂ ಗಮನಿಸಬೇಕು. ಈ ಜಲಾಶಯಕ್ಕಾಗಿ ಮನೆ, ಗದ್ದೆ ತೊರೆದ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿಯೇ ಇವೆ. ಅವರು ಬಿಟ್ಟುಕೊಟ್ಟ ನೆಲದ ಮೇಲೆ ನಿಂತ ನೀರಿನ ಬೆಳಕು ವ್ಯರ್ಥವಾಗಬಾರದು.

— ಪಂಚಾಯತಿ ಅಭಿವೃದ್ಧಿ ಅಧಿಕಾರಿ