ರೇಷ್ಮೆ, ಗರಿ, ರಾಗಿ ಉಂಡೆ

ಬೇಸಿಗೆ ಏರಿದಂತೆ ಭರಚುಕ್ಕಿಯ ಬಂಡೆಗಳು ಹೊರಗೆ ಬರುತ್ತವೆ. ಆಗಸ್ಟಿನಲ್ಲಿ ನೀರು ಬಿಟ್ಟು ಬೇರೇನೂ ಕಾಣದಿದ್ದ ಕಡೆ ಈಗ ಕಪ್ಪು ಕಲ್ಲು, ಅದರ ಮೇಲೆ ಜಾರುವ ನಾಲ್ಕಾರು ಬಿಳಿ ಧಾರೆ, ಬುಡದಲ್ಲಿ ಹಸಿರು ನೀರು. ಅಲ್ಲಿಂದ ಕೆಳಗೆ ಕಾವೇರಿ ಕಾಡಿನ ಹೊಳೆ. ಎಡದಂಡೆ ಮಳವಳ್ಳಿ, ಕನಕಪುರದ ಕಡೆಯದು. ಬಲದಂಡೆ ಕೊಳ್ಳೇಗಾಲ, ಹನೂರಿನದು. ಹೊಳೆಮತ್ತಿ ಮರಗಳು ನೀರಂಚಿನಲ್ಲಿ ಬೇರು ಹರಡಿ ನಿಂತಿವೆ. ಬಂಡೆಗೆ ಬಡಿದು ನೊರೆಯೆದ್ದ ನೀರು ಸ್ವಲ್ಪ ಮುಂದೆ ಸುಳಿಯಾಗುತ್ತದೆ, ಸುಳಿ ದಾಟಿದ ಮೇಲೆ ಮಡುವಾಗಿ ಸುಮ್ಮನಾಗುತ್ತದೆ. ಓಡುವ ನೀರೂ ನಿಂತ ನೀರೂ ಸೇರುವ ಆ ಗೆರೆಯ ಮೇಲೇ ತೆಪ್ಪದವರ ಕಣ್ಣು. ಬಿಳಿಮೀನು ಮೇವಿಗೆ ಬರುವುದು ಅಲ್ಲಿಗೆ.

ಹೊರಗಿನವರು ಮಹಸೀರ್ ಎನ್ನುವ ಈ ಮೀನು ಗಾಳ ಹಿಡಿಯುವವರ ಲೋಕದಲ್ಲಿ ಕಾವೇರಿಗೆ ದೊಡ್ಡ ಹೆಸರು ತಂದಿತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಪ್ರಕಟಿಸಿದ ‘ದಿ ರಾಡ್ ಇನ್ ಇಂಡಿಯಾ’ ಪುಸ್ತಕ ಇಂಗ್ಲಿಷ್ ಓದುಗರ ಮುಂದೆ ಮಹಸೀರನ್ನು ವಿವರವಾಗಿ ಇಟ್ಟಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತು. ಆ ಕಬಿನಿ ತಿರುಮಕೂಡಲಿನಲ್ಲಿ ಕಾವೇರಿ ಸೇರಿ ಕೊಳ್ಳೇಗಾಲದ ಕಡೆಗೇ ಹರಿದು ಬರುತ್ತದೆ.

ಇಂಥ ಮೀನನ್ನು ಸೆಳೆಯುತ್ತಿದ್ದುದು ರಾಗಿ. ಹಿಟ್ಟಿಗೆ ನೀರು ಹಾಕಿ ಗಟ್ಟಿಯಾಗಿ ನಾದಬೇಕು. ಕೈಗೆ ಅಂಟಬಾರದು, ಬಿರುಕೂ ಬಿಡಬಾರದು. ನಿಂಬೆ ಗಾತ್ರದಿಂದ ಕಿತ್ತಳೆ ಗಾತ್ರದವರೆಗೆ ಉಂಡೆ ಕಟ್ಟಿ, ಕುದಿಯುವ ನೀರಿಗೆ ಇಳಿಬಿಟ್ಟು, ಹೊರಮೈ ತೊಗಲಿನಂತೆ ಬಿಗಿಯುವವರೆಗೆ ಬೇಯಿಸಬೇಕು. ಒಳಗೆ ಮಾತ್ರ ಮೆತ್ತಗಿರಬೇಕು. ಬಿಗಿದ ಆ ಸಿಪ್ಪೆಗೆ ಕಾರಣವಿದೆ. ಹೊಳೆಯಲ್ಲಿ ಚಿಲ್ಲರೆ ಮೀನು ಸಾವಿರ. ಉಂಡೆ ಮೆದುವಾದರೆ ದೊಡ್ಡ ಮೀನು ಬರುವಷ್ಟರಲ್ಲಿ ಅವು ಕುಟುಕಿ ಕುಟುಕಿ ಮುಗಿಸಿಬಿಡುತ್ತವೆ. ಉಂಡೆಯೊಳಗೆ ದಪ್ಪ ಗಾಳ ಹುದುಗಿಸಿ, ಮೊನೆಯಷ್ಟೇ ಹೊರಗಿಟ್ಟು, ದಾರಕ್ಕೆ ಸೀಸ ಸುತ್ತಿ ಬಂಡೆಯ ಮೇಲುಗಡೆಯ ಓಟದ ನೀರಿಗೆ ಎಸೆಯುತ್ತಿದ್ದರು. ಉಂಡೆ ಕಲ್ಲಿನಿಂದ ಕಲ್ಲಿಗೆ ಉರುಳಿ ಸಂದಿಯೊಂದರಲ್ಲಿ ನಿಲ್ಲುತ್ತಿತ್ತು. ದಾರದ ಮೇಲಿಟ್ಟ ಬೆರಳಿಗೆ ಎಲ್ಲವೂ ತಿಳಿಯುತ್ತಿತ್ತು: ಇದು ನೀರಿನ ಎಳೆತ, ಇದು ಮರಿಮೀನಿನ ಕುಟುಕು, ಇದು ಆಮೆ. ಬಿಳಿಮೀನು ಕಚ್ಚಿತೆಂದರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಿರಗಿರನೆ ದಾರ ಬಿಚ್ಚಿಕೊಂಡು ಹೋಗುತ್ತಿತ್ತು, ತೆಪ್ಪ ಅದರ ಹಿಂದೆಯೇ ಓಡಬೇಕಿತ್ತು.

ರಾಗಿಯೊಂದೇ ಸಾಲದು. ನೀರು ತಿಳಿಯಾಗಿ ಇಳಿದಾಗ, ಬಂಡೆ ಸಂದಿಯ ಏಡಿಗೆ ಬೆಲೆ. ಬಿಳಿಮೀನಿನ ಗಂಟಲಲ್ಲಿ ಹಲ್ಲುಗಳಿವೆ, ಏಡಿಯ ಚಿಪ್ಪನ್ನು ಅಲ್ಲೇ ಪುಡಿ ಮಾಡಿ ನುಂಗುತ್ತದೆ. ದಂಡೆಯ ಅತ್ತಿ, ನೇರಳೆ ಹಣ್ಣಾಗಿ ಉದುರುವಾಗ ಮೀನು ಮರದಡಿಗೇ ಬಂದು ಕಾಯುತ್ತದೆ. ಮರಿಮೀನುಗಳ ಹಿಂಡು ಓಟದ ನೀರಿಗೆ ಬಂದರೆ, ಮಿರಮಿರ ಮಿನುಗುವ ಲೋಹದ ಚಮಚವನ್ನೂ ಅದು ಬೆನ್ನಟ್ಟುತ್ತದೆ. ಹೀಗೆ ಕಾಲ ಯಾವುದು, ನೀರಿನ ಬಣ್ಣವೇನು, ಮರ ಯಾವುದು ಎಂದು ನೋಡಿಯೇ ಗಾಳಕ್ಕೆ ಏನು ಚುಚ್ಚುವುದೆಂದು ತೀರ್ಮಾನ. ಹನೂರಿನ ಕಡೆಯ ಹಿರಿಯ ತೆಪ್ಪದವರಿಗೆ ಮೊದಲು ನೀರು, ಆಮೇಲೆ ಗಾಳ.

ಮೀನು ಈಗ ಏನು ತಿನ್ನುತ್ತಿದೆ? ಇದೇ ಪ್ರಶ್ನೆ ಸಾವಿರಾರು ಮೈಲಿ ದೂರದ ತಣ್ಣೀರಿನ ತೊರೆಗಳಲ್ಲಿ ಟ್ರೌಟ್ ಹಿಡಿಯುವವರನ್ನೂ ಕಾಡುತ್ತದೆ. ಟ್ರೌಟಿನ ಮುಖ್ಯ ಆಹಾರ ನೀರಿನ ಹುಳುಗಳು. ಅವು ತಿಂಗಳುಗಟ್ಟಲೆ ಕಲ್ಲಿನಡಿ ಮರಿಯಾಗಿ ಬದುಕಿ, ಒಂದು ದಿನ ಮೇಲಕ್ಕೇರಿ, ನೀರಿನ ಮೇಲೆಯೇ ರೆಕ್ಕೆ ಬಿಚ್ಚಿ ಹಾರುತ್ತವೆ. ಕೆಲವು ಜಾತಿಗಳು ಹಾರಿದ ಒಂದೆರಡು ದಿನದಲ್ಲೇ ಮೊಟ್ಟೆಯಿಟ್ಟು ಸಾಯುತ್ತವೆ. ಹುಳು ಯಾವ ಹಂತದಲ್ಲಿದೆಯೋ ಆ ರೂಪವನ್ನು ಗಾಳದ ಮೇಲೆ ಕಟ್ಟಬೇಕು: ತಳದಲ್ಲಿ ತೆವಳುವ ಮರಿಗೆ ಒಂದು, ಮೇಲೇರುವುದಕ್ಕೆ ಒಂದು, ತೇಲುವುದಕ್ಕೆ ಇನ್ನೊಂದು. ಇವನ್ನೇ ಅವರು ಫ್ಲೈ ಎನ್ನುತ್ತಾರೆ. ಬಲ್ಲವನು ತೊರೆಗೆ ಬಂದೊಡನೆ ಗಾಳ ಎಸೆಯುವುದಿಲ್ಲ. ನಾಲ್ಕು ಕಲ್ಲು ಮಗುಚಿ ಅಡಿಯಲ್ಲಿ ಅಂಟಿದ ಮರಿಗಳನ್ನು ನೋಡುತ್ತಾನೆ, ದಡದ ಪೊದೆಯ ಜೇಡರಬಲೆಯಲ್ಲಿ ಸಿಕ್ಕಿಬಿದ್ದ ರೆಕ್ಕೆಗಳನ್ನು ನೋಡುತ್ತಾನೆ. ಮೊದಲು ಗಾತ್ರ ಹೊಂದಿಸುತ್ತಾನೆ, ಆಮೇಲೆ ಆಕಾರ, ಕೊನೆಗೆ ಬಣ್ಣ. ಇಂಥ ಹುಳುವಿಗೆ ತೂಕವೇ ಇರದ ಕಾರಣ ಅದನ್ನು ದೂರ ಒಯ್ಯುವುದು ದಾರದ ತೂಕ. ಎಸೆತದ ಕೌಶಲವೆಲ್ಲ ಆ ದಾರವನ್ನು ಗಾಳಿಯಲ್ಲಿ ಹಿಂದೆ ಮುಂದೆ ಬಿಚ್ಚಿ ನೀರಿಗೆ ಹಗುರವಾಗಿ ಇಳಿಸುವುದರಲ್ಲಿದೆ.

ಈ ಹುಳು ಕಟ್ಟುವುದನ್ನು ಕೊಳ್ಳೇಗಾಲದವರು ನೋಡಿದರೆ ಅರ್ಧಕ್ಕರ್ಧ ಸಾಮಗ್ರಿ ಗುರುತು ಹಿಡಿಯುತ್ತಾರೆ. ಪುಟ್ಟ ಇಕ್ಕಳದಲ್ಲಿ ಗಾಳ ಸಿಕ್ಕಿಸಿ, ಮೊದಲು ಜೇನುಮೇಣ ಸವರಿದ ರೇಷ್ಮೆ ನೂಲನ್ನು ಅದರ ಕಡ್ಡಿಗೆ ಒತ್ತೊತ್ತಾಗಿ ಸುತ್ತುತ್ತಾರೆ. ಮೇಣ ನೂಲನ್ನು ಜಾರಲು ಬಿಡದು, ನೀರನ್ನೂ ಒಳಗೆ ಬಿಡದು. ಬಾಲಕ್ಕೆ ನಾಲ್ಕು ಎಳೆ ಗರಿ. ಮೈಗೆ ಬಣ್ಣದ ರೇಷ್ಮೆ, ಇಲ್ಲವೇ ನವಿಲುಗರಿಯ ಹಸಿರು ಎಳೆ. ಮೈಯ ಮೇಲೆ ಓರೆಯಾಗಿ, ಸಮ ಅಂತರದಲ್ಲಿ, ಸೀರೆಯ ಜರಿಯಂಥದೇ ಬಂಗಾರ ಬಣ್ಣದ ಎಳೆ. ಕೊರಳ ಬಳಿ ಹುಂಜದ ಗರಿಯೊಂದನ್ನು ನೆಟ್ಟಗೆ ಸುತ್ತಿದರೆ ಅದರ ಕೂದಲೆಳೆಗಳು ಸುತ್ತಲೂ ಕೆದರಿ ನಿಲ್ಲುತ್ತವೆ; ಹುಳು ಕಾಲೂರಿದಂತೆ ನೀರಿನ ಮೇಲೆ ನಿಲ್ಲುವುದು ಅದರಿಂದಲೇ. ತಲೆಯ ಹತ್ತಿರ ನೂಲಿಗೆ ಗಂಟು, ಮೇಲೆ ಒಂದು ಹನಿ ಮೆರುಗೆಣ್ಣೆ. ಎಳೆ ಹೆಚ್ಚಾದರೆ ಹುಳು ದಪ್ಪ, ಕಡಿಮೆಯಾದರೆ ಸಡಿಲ. ದೇವಾಂಗರ ಮನೆಗಳ ಮಗ್ಗದ ಮುಂದೆ ಕೂತ ಕೈಗಳಿಗೆ ಈ ಲೆಕ್ಕ ಹೊಸದಲ್ಲ.

ಗರಿಗಾಗಿ ಕಣ್ಣು ಯಳಂದೂರಿನ ಕಡೆ ತಿರುಗಬೇಕು. ಬಿಳಿಗಿರಿರಂಗನ ಬೆಟ್ಟದ ದಾರಿಯಲ್ಲಿ ಬೆಳಗಿನ ಮಂಜು ಕರಗುವ ಮುನ್ನ ಬಿದಿರಿನ ಮೆಳೆಯಿಂದ ಒಡಕು ಕೂಗೊಂದು ಕೇಳುತ್ತದೆ. ಅದು ಬೂದು ಕಾಡುಕೋಳಿಯ ಹುಂಜ. ಲಂಟಾನ ಪೊದೆಯಿಂದ ತಲೆ ಹೊರಹಾಕಿ, ಎರಡು ಹೆಜ್ಜೆ ಇಟ್ಟು, ಗೆದ್ದಲಿಗಾಗಿ ತರಗೆಲೆ ಕೆದಕಿ, ಸದ್ದಾದರೆ ಒಂದೇ ನೆಗೆತಕ್ಕೆ ಮಾಯವಾಗುತ್ತದೆ. ಬಿಸಿಲು ಬಿದ್ದ ಆ ಕ್ಷಣದಲ್ಲಿ ಅದರ ಕೊರಳನ್ನು ನೋಡಬೇಕು. ಕಪ್ಪು ಗರಿ, ಬೂದು ಅಂಚು, ಮೇಲೆ ಬೆಳ್ಳನೆಯ ಚುಕ್ಕಿ, ತುದಿಯಲ್ಲಿ ಅರಗು ಹಚ್ಚಿದಂತೆ ಹಳದಿಯ ಗಟ್ಟಿ ತಗಡು. ಗರಿಯ ಎಳೆಗಳೇ ಒಂದಕ್ಕೊಂದು ಬೆಸೆದು ಆದದ್ದು ಅದು. ನೀರಿನಲ್ಲಿ ನೆನೆದರೂ ಹೊಳಪು ಕೆಡುವುದಿಲ್ಲ. ಗಾಳದ ಹುಳುವಿನ ಕೆನ್ನೆಗೆ ಕಟ್ಟಿದರೆ ಮರಿಮೀನಿನ ಕಣ್ಣಿನಂತೆ ಕಾಣುತ್ತದೆ.

ಭಾರತದ ಪರ್ಯಾಯ ದ್ವೀಪ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಕಾಡಿನಲ್ಲಿ ಹುಟ್ಟದ ಹಕ್ಕಿ ಇದು. ಹತ್ತೊಂಬತ್ತನೇ ಶತಮಾನದ ಬ್ರಿಟನ್ನಿನಲ್ಲಿ ಸಾಮನ್ ಮೀನಿಗೆಂದು ಕಟ್ಟುತ್ತಿದ್ದ ಬಣ್ಣಬಣ್ಣದ ಹುಳುಗಳಿಗೆ ಇದರ ಗರಿ ಬೇಕೇಬೇಕಿತ್ತು. ಟ್ವೀಡ್ ನದಿಯ ಗಾಳದಾಳು ಜಾಕ್ ಸ್ಕಾಟ್ ಕಟ್ಟಿದ, ಅವನ ಹೆಸರಿನಲ್ಲೇ ಪ್ರಸಿದ್ಧವಾದ ಹುಳುವಿನಲ್ಲೂ ಅರ್ಧ ಹಳದಿ, ಅರ್ಧ ಕಪ್ಪು ರೇಷ್ಮೆಯ ಮೈಯ ಪಕ್ಕದಲ್ಲಿ ಈ ಗರಿ ಮಿನುಗುತ್ತದೆ. ಕೊರಳ ಚರ್ಮದ ಸಮೇತ ಗರಿಗಳು ಹಡಗೇರಿದವು. ಹಕ್ಕಿಗಳ ಗರಿ, ಚರ್ಮ ಹೊರದೇಶಕ್ಕೆ ಹೋಗದಂತೆ ಸರ್ಕಾರ 1902ರಲ್ಲಿ ತಡೆ ಹಾಕಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೂ ಬೀಗ ಹಾಕಿತು. ಈಗ ಅಲ್ಲಿನವರು ತಮ್ಮಲ್ಲೇ ಸಾಕಿದ ಕಾಡುಕೋಳಿಯ ಗರಿ ಬಳಸುತ್ತಾರೆ. ನಮ್ಮ ಬೆಟ್ಟದ ಹುಂಜ ತನ್ನ ಗರಿಯನ್ನು ತಾನೇ ಧರಿಸಿಕೊಂಡು ಓಡಾಡುತ್ತಿದೆ. ಬೆಟ್ಟದ ಮಕ್ಕಳಾದ ಸೋಲಿಗರು ಹೆಜ್ಜೇನು ಇಳಿಸುತ್ತಾ, ಅದರ ಕೂಗಿಗೆ ಕಿವಿಗೊಡುತ್ತಾ ಬಾಳುವ ಕಾಡು ಇದು.

ಟ್ರೌಟನ್ನೇ ಇಲ್ಲಿಗೆ ತರಬಹುದಿತ್ತೇ ಎಂದರೆ, ನಮ್ಮ ಹೊಳೆ ಅದಕ್ಕೆ ಬಿಸಿ. ನೀರು ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ದಾಟಿದರೆ ಟ್ರೌಟಿಗೆ ಉಸಿರಾಟವೇ ಕಷ್ಟ. ಪಕ್ಕದ ನೀಲಗಿರಿಯ ಎತ್ತರದ ತಂಪಿನಲ್ಲಿ 1860ರ ದಶಕದಿಂದಲೇ ಬ್ರಿಟಿಷರು ಪ್ರಯತ್ನಿಸಿ, ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅವಲಾಂಚಿಯ ಮರಿಕೇಂದ್ರದ ಮೂಲಕ ರೇನ್‌ಬೋ ಟ್ರೌಟನ್ನು ನೆಲೆಗೊಳಿಸಿದರು. ಹನೂರಿನ ಬಿಸಿಲಿಗೆ, ಕಲ್ಲು ಕಾದು ನೀರು ಬೆಚ್ಚಗಾಗುವ ಮಡುವಿಗೆ, ಒಗ್ಗಿ ಬೆಳೆದದ್ದು ಬಿಳಿಮೀನೇ.

ಆ ಮೀನಿನ ಇಂದಿನ ಗತಿ ಮನಸ್ಸನ್ನು ಕಲಕುತ್ತದೆ. ಬೆನ್ನಿನ ಮೇಲೆ ಗೂನು, ಕಿತ್ತಳೆ ಬಣ್ಣದ ಈಜುರೆಕ್ಕೆಯಿರುವ ಬಗೆ ಕಾವೇರಿ ಮತ್ತದರ ಉಪನದಿಗಳಲ್ಲಿ ಮಾತ್ರ ಇರುವಂಥದು. ಪ್ರಪಂಚಕ್ಕೆಲ್ಲ ಗೊತ್ತಿದ್ದ ಈ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಕೇರಳದ ಪಂಬಾರಿನಿಂದ 2007ರಲ್ಲಿ ವಿವರಿಸಲಾಗಿದ್ದ, ಮೀನುತಜ್ಞೆ ರೆಮಾದೇವಿ ಅವರ ಹೆಸರಿನ ‘ಟಾರ್ ರೆಮಾದೇವಿ’ಯೇ ಇದು ಎಂದು ಸಂಶೋಧಕರು ತೋರಿಸಿದರು. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು. ಸಿಡಿಮದ್ದು ಎಸೆಯುವವರು, ಅಣೆಕಟ್ಟಿನ ಏರುಪೇರಿನ ನೀರು, ಮರಳು ಬಗೆತ ಇವೆಲ್ಲ ಸೇರಿದವು. ಜೊತೆಗೆ ಒಳ್ಳೆಯದೆಂದೇ ನಂಬಿ ಬೇರೆ ನದಿಯ ನೀಲಿ ರೆಕ್ಕೆಯ ಮಹಸೀರಿನ ಮರಿಗಳನ್ನು ವರ್ಷಗಟ್ಟಲೆ ಬಿಟ್ಟದ್ದೂ ಗೂನುಬೆನ್ನಿನದನ್ನು ಬದಿಗೆ ತಳ್ಳಿತು.

ಇದು ತಿಳಿದುಬಂದದ್ದೂ ಗಾಳದವರಿಂದಲೇ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕಳಿಯ ಶಿಬಿರಗಳಲ್ಲಿ ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ಹೊಳೆಗೆ ಬಿಡುವ ಕ್ರಮವಿತ್ತು. ಗಾಲಿಬೋರೆಯ ಆ ದಾಖಲೆಗಳನ್ನು ಹರಡಿಕೊಂಡು ನೋಡಿದಾಗಲೇ ಗೂನುಬೆನ್ನಿನದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ, ನೀಲಿ ರೆಕ್ಕೆಯದು ಹೆಚ್ಚುತ್ತಿರುವುದು ಕಂಡಿತು. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದೊಳಗೆ ಕಾಯ್ದೆಯ ಪ್ರಕಾರ 2012ರ ಹೊತ್ತಿಗೆ ಗಾಳ ನಿಂತಿತು. ಕಾಡಿಗೆ ಕಾಯ್ದೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಾಳದ ಜೊತೆಗೆ ದಿನವೂ ನೀರಿಗಿಳಿದು ಲೆಕ್ಕ ಹಿಡಿಯುತ್ತಿದ್ದ ಕಣ್ಣುಗಳೂ ಹೊಳೆಯಿಂದ ದೂರವಾದವು.

ಯಾವ ಮಡುವಿನಲ್ಲಿ ಬೇಸಿಗೆಯಲ್ಲೂ ನೀರು ಆರುವುದಿಲ್ಲ, ಯಾವ ಅತ್ತಿಮರದಡಿ ಯಾವ ತಿಂಗಳು ಮೀನು ಸೇರುತ್ತದೆ, ಮೊದಲ ಮಳೆಯ ಕೆಂಪು ನೀರಿಗೆ ಅದು ಯಾವ ಹಳ್ಳದ ಕಡೆ ತಿರುಗುತ್ತದೆ ಎಂಬುದನ್ನು ಹೇಳಬಲ್ಲ ತೆಪ್ಪದವರು ಈ ದಂಡೆಯ ಊರುಗಳಲ್ಲಿದ್ದಾರೆ, ಅವರಿಗೆ ವಯಸ್ಸಾಗುತ್ತಿದೆ. ಅವರನ್ನು ಕಾವಲಿಗೆ, ಮೀನಿನ ಎಣಿಕೆಗೆ, ಗೂನುಬೆನ್ನಿನದೇ ಮರಿ ಬೆಳೆಸಿ ಬಿಡುವ ಕೆಲಸಕ್ಕೆ ಕರೆದು, ಕೂಲಿ ಕೊಟ್ಟು, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಬೇಕು. ಮೀನು ಹಿಡಿಯಲು ನೆರವಾದ ಅದೇ ತಿಳಿವಳಿಕೆ ಮೀನನ್ನು ಉಳಿಸಲೂ ನೆರವಾಗುತ್ತದೆ. ಅದನ್ನು ಬಲ್ಲವರು ನಮ್ಮ ನಡುವೆ ಇರುವಾಗಲೇ ಆ ಕೆಲಸ ಶುರುವಾಗಬೇಕು.