ನಿಮಗಿದು ಗೊತ್ತೆ? ಉತ್ತರಹಳ್ಳಿಗೆ ಹೊರಟವರಿಗೆ

ಬೆಂಗಳೂರಿನ ಉತ್ತರಹಳ್ಳಿಯೊಳಕ್ಕೆ ಮೆಟ್ರೊ ಬರುವುದಿಲ್ಲ. 2021ರ ಜನವರಿಯಲ್ಲಿ ವಿಸ್ತರಣೆಯಾದ ಹಸಿರು ಮಾರ್ಗ ಕನಕಪುರ ರಸ್ತೆಗುಂಟ ಸಾಗುತ್ತದೆ. ಕೋಣನಕುಂಟೆ ಕ್ರಾಸ್‌ನಲ್ಲಿ ಇಳಿದು ಆಟೊ ಹಿಡಿಯಬಹುದು. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಆಟೊ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ಮೀಟರ್ ಹಾಕುತ್ತಾರೆಯೇ ಎಂಬುದು ಬೇರೆ ಮಾತು! ‘ಅಣ್ಣಾ, ಬರ್ತೀರಾ?’ ಎಂದು ಕನ್ನಡದಲ್ಲೇ ಶುರುಮಾಡಿದರೆ ಚೌಕಾಸಿ ಸಲೀಸು.

ಬಿಎಂಟಿಸಿ ಬಸ್ಸಿನ ಮುಂಭಾಗದ ಸೀಟುಗಳು ಮಹಿಳೆಯರವು. ಗಂಡಸರು ಹಿಂದಕ್ಕೆ ಸರಿಯಬೇಕು. 2023ರ ಜೂನ್ 11ರಂದು ಜಾರಿಯಾದ ‘ಶಕ್ತಿ’ ಯೋಜನೆಯ ಉಚಿತ ಪ್ರಯಾಣ ರಾಜ್ಯದ ಮಹಿಳೆಯರಿಗೆ ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೆ ಮಾತ್ರ. ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯುವುದನ್ನು ಮರೆಯಬೇಡಿ. ಉಳಿದವರ ಬಳಿ ಚಿಲ್ಲರೆ ಇದ್ದರೆ ಕಂಡಕ್ಟರ್ ಮುಖ ಅರಳುತ್ತದೆ.

ದರ್ಶಿನಿ ಹೋಟೆಲಿನಲ್ಲಿ ಮೊದಲು ಬಿಲ್, ಆಮೇಲೆ ದೋಸೆ. ನಿಂತು ತಿನ್ನುವಾಗ ಅಪರಿಚಿತರು ನಿಮ್ಮ ಮೇಜಿನಲ್ಲೇ ತಟ್ಟೆಯಿಟ್ಟರೆ ಹುಬ್ಬು ಗಂಟಿಕ್ಕಬೇಡಿ. ಇಬ್ಬರಿಗೆ ಹಂಚುವ ಬೈ-ಟು ಕಾಫಿ ಕೇಳಲು ಸಂಕೋಚವೇಕೆ?

ಪಕ್ಕದ ವಸಂತಪುರದಲ್ಲಿ ವಸಂತ ವಲ್ಲಭರಾಯನ ಹಳೆಯ ದೇಗುಲವಿದೆ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಬಾಗಿಲು ಹಾಕಿರಬಹುದು. ಹತ್ತಿರದ ತುರಹಳ್ಳಿ ಕಾಡಿಗೆ ಹೋಗುವವರು ಪ್ಲಾಸ್ಟಿಕ್ ಬಿಸಾಡದೆ, ಕತ್ತಲಾಗುವ ಮೊದಲೇ ಹೊರಬರಬೇಕು.