ಎರೆಹುಳುವಿನ ಬಕೆಟ್, ಕನ್ನಡದ ನೋಟ್‌ಬುಕ್

ಕೊಯಮತ್ತೂರಿನಿಂದ ಮೆಟ್ಟುಪಾಳ್ಯಂ ಕಡೆಗೆ ಹೊರಟ ರೈಲು ನೀಲಗಿರಿಯ ಬುಡ ಮುಟ್ಟುವ ಮೊದಲು ಕಾರಮಡೈಯಲ್ಲಿ ನಿಲ್ಲುತ್ತದೆ. ರಂಗನಾಥಸ್ವಾಮಿ ದೇವಸ್ಥಾನಕ್ಕೂ ಮಾಸಿ ತಿಂಗಳ ತೇರಿಗೂ ಹೆಸರಾದ ಊರು. ಸುತ್ತ ಬಾಳೆ ತೋಟ, ಕರಿಬೇವಿನ ತೋಟ. ಈ ಸೀಮೆಯ ದೇವಾಂಗರ ಮನೆಗಳಲ್ಲಿ, ಒಕ್ಕಲಿಗರ ಮನೆಗಳಲ್ಲಿ ತಲೆಮಾರುಗಳಿಂದ ಆಡುವ ಮಾತು ಕನ್ನಡ. ಅಡುಗೆಮನೆಯಲ್ಲಿ ಕನ್ನಡ, ಹೊಲದಲ್ಲಿ ಕನ್ನಡ. ಮಕ್ಕಳು ಶಾಲೆಗೆ ಹೋದರೆ ಬರೆಯುವುದು ಬಹುತೇಕ ತಮಿಳು, ಇಲ್ಲವೇ ಇಂಗ್ಲಿಷ್.

ಹೀಗೆ ಬೆಳೆದ ಮಗು ಮನೆಮಾತನ್ನು ಬರೆಯಬೇಕಾಗಿ ಬಂದರೆ ಕೈಗೆ ಬರುವುದು ತಮಿಳು ಲಿಪಿ. ಆಗ ಒಂದು ತೊಡಕು. 'ಗೊಬ್ಬರ' ಎಂದು ಬರೆಯಲು ಹೊರಟರೆ ತಮಿಳಿನಲ್ಲಿ ಗಕಾರಕ್ಕೂ ಬಕಾರಕ್ಕೂ ಬೇರೆ ಅಕ್ಷರವಿಲ್ಲ. ಓದುವವರ ಬಾಯಲ್ಲಿ ಅದು 'ಕೊಪ್ಪರ' ಆಗುತ್ತದೆ. 'ಕೊಬ್ಬರಿ' ಬರೆದರೆ 'ಕೊಪ್ಪರಿ'. ತಿನ್ನುವ ಕೊಬ್ಬರಿಗೂ ಗಿಡಕ್ಕೆ ಹಾಕುವ ಗೊಬ್ಬರಕ್ಕೂ ಉಳಿಯುವ ವ್ಯತ್ಯಾಸ ಕೊನೆಯ ಸ್ವರವೊಂದೇ! ಇದು ತಮಿಳು ಲಿಪಿಯ ದೋಷವಲ್ಲ. ಅದು ತಮಿಳಿಗಾಗಿ ಬೆಳೆದ ಲಿಪಿ. ನಮ್ಮ ಮನೆಯ ಮಾತಿಗೆ ನಮ್ಮ ಅಕ್ಷರ ಏಕೆ ಬೇಕು ಎಂದು ಕೇಳುವವರಿಗೆ ಮಾತ್ರ ಇದಕ್ಕಿಂತ ಸರಳವಾದ ಉತ್ತರ ಸಿಗಲಾರದು.

ಗೊಬ್ಬರದ ಮಾತು ಬಂದದ್ದು ಸುಮ್ಮನೆ ಅಲ್ಲ. ಶಾಲೆಯ ಅಂಗಳದಲ್ಲೋ ಮನೆಯ ಹಿತ್ತಲಲ್ಲೋ ಒಂದು ಏರುಮಡಿ, ಅದರೊಳಗೆ ಹೂತ ಒಂದು ಎರೆಹುಳುವಿನ ಬಕೆಟ್: ಮಕ್ಕಳು ಕೈಯಿಂದ ಮಾಡಿ, ಕಣ್ಣಿಂದ ನೋಡಿ, ತೂಗಿ ಅಳೆದು ಕನ್ನಡದಲ್ಲಿ ಬರೆದಿಡಬಹುದಾದ ಕೆಲಸ ಇದು. ಈರೋಡು ಜಿಲ್ಲೆಯ ತಾಳವಾಡಿ, ಕೃಷ್ಣಗಿರಿ ಜಿಲ್ಲೆಯ ಹೊಸೂರು ಕಡೆಯ ಕನ್ನಡ ಮಾಧ್ಯಮದ ಶಾಲೆಗಳಿಗೂ, ಕಾಸರಗೋಡಿನ ನಮ್ಮ ಶಾಲೆಗಳಿಗೂ, ಶಾಲೆಯಲ್ಲಿ ಕನ್ನಡ ಸಿಗದ ಕಾರಮಡೈಯ ಮನೆಗಳಿಗೂ ಇದು ಒಂದೇ ರೀತಿ ಒಗ್ಗುತ್ತದೆ.

ಮಡಿಯ ಲೆಕ್ಕ

ಏರುಮಡಿ ಎಂದರೆ ನೆಲದಿಂದ ಮೇಲೆ ಇಟ್ಟಿಗೆಯನ್ನೋ ಸಿಮೆಂಟ್ ಬ್ಲಾಕನ್ನೋ ಅಂಚಿಗೆ ಜೋಡಿಸಿ ಮಣ್ಣು ತುಂಬಿದ ಪಾತಿ. ಅಗಲ 3 ಅಡಿ ಮೀರಬಾರದು. ಎರಡೂ ಬದಿಯಿಂದ ಮಕ್ಕಳ ಕೈ ನಡುವಿಗೆ ಎಟುಕಬೇಕು. ಉದ್ದ 8 ಅಡಿ, ಎತ್ತರ ಒಂದೂಕಾಲು ಅಡಿ ಇಟ್ಟುಕೊಳ್ಳೋಣ. ಗುಣಿಸಿದರೆ 30 ಘನ ಅಡಿ. ಮೂರು ಪಾಲು ಮೇಲ್ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಎಂದರೆ 18, 6, 6 ಘನ ಅಡಿ. ಐದನೆಯ ತರಗತಿಯ ಗಣಿತ ಇಲ್ಲೇ ಮುಗಿಯಿತು. ನಾರಿನ ಪುಡಿ ಪೊಳ್ಳಾಚಿ ಕಡೆಯ ನಾರಿನ ಕಾರ್ಖಾನೆಗಳಿಂದ ಸುಲಭವಾಗಿ ಸಿಗುತ್ತದೆ. ಅದರಲ್ಲಿ ಉಪ್ಪಿನಂಶ ಇರುವುದುಂಟು, ಎರಡು ಮೂರು ನೀರಿನಲ್ಲಿ ತೊಳೆದು ಬಳಸಬೇಕು.

ಇಲ್ಲೊಂದು ಎಚ್ಚರಿಕೆ. 6 ಘನ ಅಡಿ ಎಂದರೆ ಸುಮಾರು 170 ಲೀಟರ್. ನಾವು ಹೂಳುವ ಬಕೆಟ್ಟಿನ ಹೊಟ್ಟೆ 20 ಲೀಟರ್. ಆದ್ದರಿಂದ ಬಕೆಟ್ಟಿನ ಗೊಬ್ಬರದಿಂದಲೇ ಮಡಿ ತುಂಬುತ್ತೇವೆಂದು ಹೊರಟರೆ ನಿರಾಶೆಯೇ ಗತಿ. ಮೊದಲ ಬಾರಿ ಕೊಟ್ಟಿಗೆಯಿಂದ ತರಬೇಕು. ಬಕೆಟ್ ಇರುವುದು ಆಮೇಲೆ, ಗಿಡ ಉಂಡು ಖಾಲಿ ಮಾಡಿದ್ದನ್ನು ತಿಂಗಳು ತಿಂಗಳು ತುಂಬಿಕೊಡಲು.

ಬಕೆಟ್ ಹೂಳುವ ಬಗೆ

ಹಿಡಿ ಮುರಿದ 20 ಲೀಟರಿನ ಪ್ಲಾಸ್ಟಿಕ್ ಬಕೆಟ್ ಸಾಕು. ತಳಕ್ಕೆ ಹತ್ತು ಹನ್ನೆರಡು ತೂತು, ಮೈಗೆ ಎರಡೆರಡು ಇಂಚು ಬಿಟ್ಟು ತೂತು. ತೂತು ಕಿರುಬೆರಳ ತುದಿಯಷ್ಟಿರಲಿ, ಅಂದರೆ 8ರಿಂದ 10 ಮಿಲಿಮೀಟರ್. ಇದನ್ನು ದೊಡ್ಡವರು ಡ್ರಿಲ್ ಯಂತ್ರದಲ್ಲಿ ಕೊರೆದುಕೊಡಲಿ. ಕಾಯಿಸಿದ ಕಬ್ಬಿಣದ ಸರಳಿನಿಂದ ಚುಚ್ಚುವುದು ಬೇಡ. ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ ಮಕ್ಕಳಿಗೆ ಒಳ್ಳೆಯದಲ್ಲ. ಬಕೆಟ್ಟಿನ ಮೇಲಿನ ಮೂರು ಇಂಚಿಗೆ ತೂತು ಬೇಡ. ಆ ಭಾಗ ಮಣ್ಣಿನ ಮೇಲೆ ನಿಲ್ಲುತ್ತದೆ.

ಮಡಿಯ ನಡುವೆ ಗುಂಡಿ ತೆಗೆದು ಬಕೆಟ್ ಇಳಿಸಿ ಸುತ್ತ ಮಣ್ಣು ಒತ್ತಿ. ಬಾಯಿಗೆ ಸೊಳ್ಳೆಪರದೆಯ ತುಂಡು, ಅದರ ಮೇಲೆ ತಗಡಿನ ಮುಚ್ಚಳ, ಮುಚ್ಚಳದ ಮೇಲೆ ಒಂದು ಕಲ್ಲು. ನೊಣಕ್ಕೆ ಪರದೆ, ಇಲಿ ಹೆಗ್ಗಣಕ್ಕೆ ಕಲ್ಲು. 8 ಅಡಿ ಮಡಿಗೆ ಇಂಥ ಎರಡು ಬಕೆಟ್ ಹೂಳಬಹುದು. ತೂತಿನ ಮೂಲಕ ಎರೆಹುಳು ಮಣ್ಣಿಗೆ ಹೋಗಿ ಬರುತ್ತದೆ, ನೀರಿನ ಜೊತೆ ಗೊಬ್ಬರದ ಸಾರವೂ ಬೇರಿಗೆ ಇಳಿಯುತ್ತದೆ. ಬಿಡಿಯಾಗಿ ಬಿಸಿಲಲ್ಲಿಟ್ಟ ಡಬ್ಬಕ್ಕಿಂತ ಇದು ಲೇಸು. ಸುತ್ತಲಿನ ಮಣ್ಣು ತಂಪು ಹಿಡಿದಿಡುತ್ತದೆ.

ಒಳಗಿನ ಹಾಸು ಹೀಗೆ. ತಳದಲ್ಲಿ ಮೂರು ಇಂಚು ಒಣ ಬಾಳೆಲೆಯ ಚೂರು, ಹರಿದ ರಟ್ಟು, ನಾರಿನ ಪುಡಿ. ಅದರ ಮೇಲೆ ಹದಿನೈದು ದಿನ ಹಳೆಯದಾದ ಸಗಣಿ ಎರಡು ಇಂಚು, ಒಂದು ಹಿಡಿ ತೋಟದ ಮಣ್ಣು. ಹಸಿ ಸಗಣಿ ಕಾವೇರುತ್ತದೆ, ಹುಳು ಬದುಕುವುದಿಲ್ಲ. ಎಲ್ಲವನ್ನೂ ನೆನೆಸಿ ಒಂದು ವಾರ ಬಿಡಿ. ಕೈ ಇಟ್ಟು ನೋಡಿ, ಬಿಸಿ ಇಲ್ಲದಿದ್ದರೆ ಹುಳು ಬಿಡುವ ಹೊತ್ತು ಬಂದಿದೆ. ತೇವದ ಅಳತೆಗೆ ಯಂತ್ರ ಬೇಡ. ಒಂದು ಹಿಡಿ ಹಾಸನ್ನು ಹಿಂಡಿದರೆ ಒಂದೆರಡು ಹನಿ ತೊಟ್ಟಿಕ್ಕಬೇಕು. ಧಾರೆಯಾದರೆ ಹೆಚ್ಚು, ಹನಿಯೇ ಇಲ್ಲದಿದ್ದರೆ ಕಡಿಮೆ.

ಯಾವ ಹುಳು?

ಮಳೆಗಾಲದಲ್ಲಿ ಅಂಗಳದಲ್ಲಿ ಕಾಣುವ ಹುಳುವನ್ನು ಹಿಡಿದು ತಂದು ಬಕೆಟ್ಟಿಗೆ ಹಾಕಿದರೆ ಆಗದು. ಅವುಗಳಲ್ಲಿ ಹೆಚ್ಚಿನವು ಮಣ್ಣು ಕೊರೆದು ಆಳದಲ್ಲಿ ಬಾಳುವಂಥವು. ನಮಗೆ ಬೇಕಾದದ್ದು ನೆಲದ ಮೇಲಿನ ಕಸದಲ್ಲೇ ಉಂಡು ಅಲ್ಲೇ ಬೆಳೆಯುವ ಜಾತಿ. ನಮ್ಮ ದೇಶದ್ದೇ ಆದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್, ಆಫ್ರಿಕದಿಂದ ಬಂದ ಯೂಡ್ರಿಲಸ್ ಯೂಜೀನಿಯೆ ಎರಡೂ ನಮ್ಮ ಬಯಲು ಸೀಮೆಯ ಸೆಕೆಗೆ ಹೊಂದಿಕೊಳ್ಳುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ 1980ರ ದಶಕದಲ್ಲಿ ರಾಧಾ ಡಿ. ಕಾಳೆ ಮತ್ತು ಸಂಗಡಿಗರು ಈ ಹುಳುಗಳ ಮೇಲೆ ನಡೆಸಿದ ಕೆಲಸ ದೇಶಕ್ಕೇ ಮಾದರಿಯಾಯಿತು. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ಗರಿಯನ್ನೇ ಎರೆಗೊಬ್ಬರ ಮಾಡುವ ವಿಧಾನ ರೂಪಿಸಿದ್ದು ಯೂಡ್ರಿಲಸ್ ಹುಳುವಿನಿಂದಲೇ. ಕಾರಮಡೈಯವರಿಗೆ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯ ಹತ್ತಿರವೇ ಇದೆ. ಒಂದು ಬಕೆಟ್ಟಿಗೆ ಕಾಲು ಕಿಲೋ ಹುಳು ಸಾಕು. ಸಂಜೆ ಬಿಟ್ಟು, ಒದ್ದೆ ಗೋಣಿತಾಟು ಹೊದಿಸಿ, ಮೂರು ದಿನ ಸುಮ್ಮನೆ ಬಿಡಿ.

ಊಟ ಮತ್ತು ಪಥ್ಯ

ಮೊದಲಿಗೆ ದಿನಕ್ಕೆ 100 ಗ್ರಾಂ, ಅಂದರೆ ಒಂದು ದೊಡ್ಡ ಹಿಡಿ. ಶಾಲೆ ನಡೆಯುವ ಐದು ದಿನಕ್ಕೆ ಅರ್ಧ ಕಿಲೋ. ತರಕಾರಿ ಸಿಪ್ಪೆ, ಸೊಪ್ಪಿನ ದಂಟು, ಚಹಾ ಚರಟ, ಬಾಳೆಹಣ್ಣಿನ ಸಿಪ್ಪೆ, ಸಣ್ಣಗೆ ಹೆಚ್ಚಿದ ಬಾಳೆದಿಂಡು. ಒಂದು ದಿನ ಒಂದು ಮೂಲೆಯಲ್ಲಿ ಹೂತರೆ ಮರುದಿನ ಇನ್ನೊಂದು ಮೂಲೆ. ಹಿಂದಿನದು ಕರಗದೆ ಹೊಸದು ಬೇಡ. ತಮಿಳುನಾಡಿನ ಶಾಲೆಯ ಮಧ್ಯಾಹ್ನದ ಊಟದಲ್ಲಿ ಮೊಟ್ಟೆ ಕೊಡುತ್ತಾರೆ. ಅದರ ಚಿಪ್ಪನ್ನು ಒಣಗಿಸಿ ಪುಡಿ ಮಾಡಿ ವಾರಕ್ಕೊಂದು ಚಮಚ ಉದುರಿಸಿದರೆ ಹುಳಿ ತಗ್ಗುತ್ತದೆ. ಹಲ್ಲಿಲ್ಲದ ಎರೆಹುಳುವಿಗೆ ಹೊಟ್ಟೆಯೊಳಗೆ ಅರೆಯಲು ಹರಳೂ ಸಿಗುತ್ತದೆ.

ಹಾಕಬಾರದ್ದು: ಸಾಂಬಾರು ಕಲಸಿದ ಅನ್ನ, ಉಪ್ಪಿನಕಾಯಿ, ಎಣ್ಣೆ, ಮೀನು ಮಾಂಸ, ಮೊಸರು, ಮೆಣಸಿನಕಾಯಿ, ನಿಂಬೆ ಕಿತ್ತಳೆಯ ಸಿಪ್ಪೆ. ಎರೆಹುಳು ಉಸಿರಾಡುವುದು ಚರ್ಮದಿಂದ, ಉಪ್ಪು ಅದಕ್ಕೆ ವಿಷ. ಕರಿಬೇವಿನ ಕಡ್ಡಿಯೂ ಬಕೆಟ್ಟಿಗೆ ಬೇಡ, ಬೇಗ ಕರಗುವುದಿಲ್ಲ. ಮಡಿಯ ಮೇಲೆ ಹೊದಿಕೆಯಾಗಿ ಹಾಸಬಹುದು. ಇನ್ನೊಂದು ಮಾತು: ಬೆಟ್ಟದ ಬುಡದ ಹಳ್ಳಿಗಳಿಗೆ ಆನೆ ಇಳಿಯುವುದುಂಟು. ಬಾಳೆದಿಂಡನ್ನು ಹೊರಗೆ ರಾಶಿ ಹಾಕಿಡಬೇಡಿ.

ಬಕೆಟ್ ನಾತ ಬಂದರೆ ಊಟ ಹೆಚ್ಚಾಗಿದೆ. ಎರಡು ದಿನ ನಿಲ್ಲಿಸಿ ಒಣ ಕಾಗದದ ಚೂರು ಬೆರೆಸಿ. ಇರುವೆ ಮುತ್ತಿದರೆ ಹಾಸು ಒಣಗಿದೆ, ನೀರು ಚಿಮುಕಿಸಿ. ಸಣ್ಣ ನೊಣ ಎದ್ದರೆ ಸಿಪ್ಪೆ ಮೇಲೆಯೇ ಉಳಿದಿದೆ, ಒಳಗೆ ಹೂಳಿ. ಹುಳುಗಳೆಲ್ಲ ಮುಚ್ಚಳದ ತನಕ ಹತ್ತಿ ಬಂದರೆ ಒಳಗೆ ಕಾವೋ ಹುಳಿಯೋ ಹೆಚ್ಚಾಗಿದೆ.

ಎಂಟು ವಾರಕ್ಕೆ ನೀವು ಹಾಕಿದ್ದು ನಾಲ್ಕು ಕಿಲೋ. ಅಷ್ಟೇ ಗೊಬ್ಬರ ಬರುವುದಿಲ್ಲ, ಸಿಪ್ಪೆಯ ಬಹುಪಾಲು ನೀರು. ಹಾಸು ಕಪ್ಪಗೆ, ಚಹಾಪುಡಿಯ ಹಾಗೆ ಹರಳಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಸಿದ್ಧ. ನೆರಳಲ್ಲಿ ಗೋಣಿಯ ಮೇಲೆ ಗುಡ್ಡೆ ಮಾಡಿಡಿ. ಬೆಳಕಿಗೆ ಅಂಜಿ ಹುಳು ಅಡಿಗಿಳಿಯುತ್ತದೆ, ಮೇಲಿನದನ್ನು ಕೆರೆದುಕೊಂಡು ಜರಡಿ ಹಿಡಿಯಬಹುದು. ಗಿಡಕ್ಕೊಂದು ಹಿಡಿ, ತಿಂಗಳಿಗೊಮ್ಮೆ.

ಬರೆಯುವ ಪಾಠ

ಇಲ್ಲಿಯವರೆಗಿನದು ಯಾವ ಭಾಷೆಯಲ್ಲಾದರೂ ಹೇಳಬಹುದಾದ ಸಂಗತಿ. ನಮ್ಮ ಪಾಠ ಶುರುವಾಗುವುದು ಬಕೆಟ್ಟಿನ ಪಕ್ಕ ದಾರ ಕಟ್ಟಿ ತೂಗುಹಾಕಿದ ನೋಟ್‌ಬುಕ್ಕಿನಲ್ಲಿ. ನಾಲ್ಕು ಕಂಬಸಾಲು: ದಿನಾಂಕ, ಹಾಕಿದ ಊಟದ ತೂಕ, ತೇವ, ಕಂಡದ್ದು. ಮೊದಲ ವಾರ ಮಗು 'ಹುಳು ಇದೆ' ಎಂದಷ್ಟೇ ಬರೆದೀತು. ಕೆಲವು ವಾರ ಕಳೆದರೆ ಹುಳುವಿನ ಹಿಕ್ಕೆ, ಮೊಟ್ಟೆಯ ಗೂಡು, ಮರಿ ಇವೆಲ್ಲ ಕಣ್ಣಿಗೆ ಬೀಳುತ್ತವೆ. ಕಂಡದ್ದಕ್ಕೆ ಹೆಸರು ಬೇಕು. ಹೆಸರು ಮನೆಯ ಹಿರಿಯರನ್ನು ಕೇಳಿ ಬರಲಿ. ಹಿಕ್ಕೆ, ಗಂಜಳ, ಕೊಟ್ಟಿಗೆ, ಹಾಸು ಇಂಥ ಮಾತುಗಳು ಪಠ್ಯಪುಸ್ತಕಕ್ಕಿಂತ ಅಜ್ಜಿಯ ಬಾಯಲ್ಲಿ ಭದ್ರವಾಗಿವೆ. ಅಜ್ಜಿಗೆ ಓದು ಬಾರದಿರಬಹುದು, ಪದ ಗೊತ್ತು. ಮೊಮ್ಮಗುವಿಗೆ ಅಕ್ಷರ ಗೊತ್ತು, ಪದ ಗೊತ್ತಿಲ್ಲ.

ಎರಡು ಭಾಷೆಯ ನಡುವೆ ಬೆಳೆದ ಮಗುವಿಗೆ ಇದು ಹೊರೆಯಲ್ಲ, ಲಾಭ. ಕನ್ನಡದ 'ಎರೆ' ಎಂದರೆ ಗಾಳಕ್ಕೆ ಚುಚ್ಚುವ ತಿನಿಸೂ ಹೌದು. ತಮಿಳಿನ 'ಇರೈ'ಯೂ ಅದೇ. ತಮಿಳರು ಎರೆಗೊಬ್ಬರವನ್ನು 'ಮಣ್‌ಪುಳು ಉರಂ' ಎನ್ನುತ್ತಾರೆ: ಅವರು ಹುಳು ಬಾಳುವ ಮಣ್ಣನ್ನು ನೋಡಿ ಹೆಸರಿಟ್ಟರು, ನಾವು ಗಾಳವನ್ನು ನೋಡಿ. ನಮ್ಮಲ್ಲಿ ಮಡಿ ಎಂದರೆ ಗಿಡ ನೆಡುವ ಪಾತಿ. ತಮಿಳಿನಲ್ಲಿ ಮಡೈ ಎಂದರೆ ನೀರು ಹಾಯಿಸುವ ಬಾಯಿ. ಕಾರಮಡೈಯ ಮಗು ಎರಡನೆಯದನ್ನು ಊರ ಹೆಸರಿನಲ್ಲೇ ಕಲಿತಿದೆ, ಮೊದಲನೆಯದನ್ನು ಹಿತ್ತಲಲ್ಲಿ ಕಲಿಯಲಿ.

ವಿಜ್ಞಾನಕ್ಕೆ ಪ್ರಯೋಗವೂ ಉಂಟು. ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಎರೆಹುಳುಗಳ ಮೇಲೆಯೇ ಒಂದು ಪುಸ್ತಕ ತಂದರು. ಅದಕ್ಕಾಗಿ ಹುಳುಗಳನ್ನು ಕುಂಡದಲ್ಲಿಟ್ಟು ಸಾಕಿದ್ದರು. ಹತ್ತಿರದಲ್ಲೇ ಪಿಯಾನೊ ನುಡಿಸಿದರೂ ಅವು ಅಲುಗಲಿಲ್ಲ. ಕುಂಡವನ್ನು ಪಿಯಾನೊ ಮೇಲಿಟ್ಟು ನುಡಿಸಿದ ಕೂಡಲೇ ಮಣ್ಣಿನೊಳಗೆ ಸರಿದವು. ಗಾಳಿಯ ಸದ್ದು ಕೇಳದು, ನಡುಕ ತಿಳಿಯುತ್ತದೆ. ನಮಗೆ ಪಿಯಾನೊ ಬೇಡ, ತಮಟೆಯೂ ಮೇಜೂ ಸಾಕು. ಕಂಡದ್ದನ್ನು ಮಕ್ಕಳು ತಮ್ಮ ಮಾತಿನಲ್ಲಿ ಬರೆಯಲಿ.

ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಎಲ್ಲ ಮಕ್ಕಳಿಗೂ ತಮಿಳು ಹಂತಹಂತವಾಗಿ ಕಡ್ಡಾಯ ಪಾಠವಾಯಿತು. ನೆಲದ ಭಾಷೆಯನ್ನು ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವೇಳಾಪಟ್ಟಿಯಲ್ಲಿ ಕನ್ನಡಕ್ಕೆ ಹೊಸ ಪೀರಿಯಡ್ ಹುಟ್ಟುವುದಿಲ್ಲ. ಇನ್ನೊಂದು ಕೆಲಸದ ಒಳಗೇ ಕನ್ನಡ ಜಾಗ ಮಾಡಿಕೊಳ್ಳಬೇಕು. ದಿನಕ್ಕೆ ಎರಡು ಸಾಲು, ಐದು ನಿಮಿಷ.

ರಜೆಯಲ್ಲಿ ಯಾರು?

ಇಂಥ ಬಕೆಟ್ ಸಾಯುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ. ಬಿಸಿಲು ಏರುವುದೂ ಶಾಲೆ ಮುಚ್ಚುವುದೂ ಒಟ್ಟಿಗೆ. ನೀರು ಚಿಮುಕಿಸುವವರಿಲ್ಲದೆ ಹಾಸು ಒಣಗಿದರೆ ಜೂನ್‌ನಲ್ಲಿ ಸಿಗುವುದು ಖಾಲಿ ಬಕೆಟ್. ಆದ್ದರಿಂದ ಮಾರ್ಚ್‌ನಲ್ಲೇ ಅರ್ಧ ಹುಳುವನ್ನು ಹಾಸಿನ ಸಮೇತ ಒಬ್ಬ ವಿದ್ಯಾರ್ಥಿಯ ಮನೆಗೆ ಕೊಡಿ. ಶಾಲೆಯ ಬಕೆಟ್ ಒಣಗಿದರೂ ಮನೆಯದು ಉಳಿಯುತ್ತದೆ. ಮನೆಯದು ಕೆಟ್ಟರೆ ಶಾಲೆಯಿಂದ ಮರಳಿ ತರಬಹುದು. ನೋಟ್‌ಬುಕ್ಕೂ ಹುಳುವಿನ ಜೊತೆಗೇ ಹೋಗಲಿ. ಮಗು ರಜೆಯಲ್ಲೂ ಎರಡು ಸಾಲು ಬರೆಯಲಿ, ಅಜ್ಜಿ ಕೇಳಲಿ.

ಶಾಲೆಯಲ್ಲಿ ಕನ್ನಡ ಇರುವ ಊರಲ್ಲಿ ಬಕೆಟ್ ಶಾಲೆಯಿಂದ ಮನೆಗೆ ಹೋಗುತ್ತದೆ. ಕಾರಮಡೈಯಂಥ ಊರಲ್ಲಿ ಮನೆಯಿಂದಲೇ ಶುರುವಾಗಬೇಕು. ಕನ್ನಡ ಅಲ್ಲೇ ಉಳಿದಿರುವುದು. ಮೊದಲ ದಿನದ ಮೊದಲ ಸಾಲಿನಲ್ಲಿ ಮಗು 'ಗೊಬ್ಬರ' ಎಂದು ಬರೆಯಲಿ. ಗಕಾರ, ಬಕಾರದ ಒತ್ತು, ರಕಾರ. ಯಾರೂ ಅದನ್ನು ಕೊಬ್ಬರಿ ಎಂದು ಓದುವುದಿಲ್ಲ.